ಶಾಲೆಯಲ್ಲಿ ಆಪ್ತಸಮಾಲೋಚನೆ: ಶಿಕ್ಷಕರು ತಯಾರಾಗುವುದು ಹೇಗೆ?

"ನಮ್ಮ ಶಾಲೆಯಲ್ಲಿ ಕೌನ್ಸೆಲರ್ ಇಲ್ಲ. ಎಚ್.ಎಂ. ನೀವೇ ನೋಡ್ಕೊಳ್ಳಿ ಅಂದಿದ್ದಾರೆ. ನಾನು ಗಣಿತದ ಟೀಚರ್, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ. ಮುಖ್ಯ ಶಿಕ್ಷಕರು ಕೇಳುವುದು ಸ್ವಲ್ಪ ಬೇರೆ: "ಎಲ್ಲ ಟೀಚರ್‌ಗಳಿಗೂ ಒಂದು ದಿನದ ತರಬೇತಿ ಮಾಡಿಸಬೇಕು, ಯಾರನ್ನು ಕರೆಸೋದು?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಆದರೆ ಖಾಸಗಿ ಶಾಲೆಯವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ದಿನ ಭಾಷಣ ಕೇಳಿ ಯಾರೂ ಈ ಕೆಲಸ ಕಲಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಪೀರಿಯಡ್ ಕೂತು, ಒಬ್ಬರ ಮುಂದೆ ಒಬ್ಬರು ಅಭ್ಯಾಸ ಮಾಡಿ, ತಪ್ಪನ್ನು ಅಲ್ಲೇ ತಿದ್ದಿಕೊಂಡರೆ ಮಾತ್ರ ಕಲಿಯುತ್ತಾರೆ.

ಇದನ್ನು ಈಗಲೇ ಶುರು ಮಾಡಬೇಕು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬರಾದರೂ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಯಾದರೆ ಹೊರಗಿನ ತಜ್ಞರ ಜೊತೆ ಅಧಿಕೃತವಾಗಿ ಸಂಪರ್ಕ ಇಟ್ಟುಕೊಂಡಿರಬೇಕು. ಪಾಠ ಮಾಡುವವರು, ಮಾಡದವರು ಎಲ್ಲರಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಕಡೆ ನೂರು ಮಕ್ಕಳೇ ಇಲ್ಲ, ಹಾಗಾಗಿ ಅಲ್ಲಿ ಭಾರ ಬೀಳುವುದು ಶಿಕ್ಷಕರ ಮೇಲೇ.

ಮೊದಲು ನಾಲ್ಕು ಪದ

ಮಾರ್ಗದರ್ಶನ ಅಂದರೆ ಮಾಹಿತಿ ಕೊಟ್ಟು ದಾರಿ ತೋರಿಸುವುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಏನು ಓದಬಹುದು, ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತದೆ, ಈ ತರಹದ್ದು. ಆಪ್ತಸಮಾಲೋಚನೆ ಅಂದರೆ ಮಗುವಿನ ಮಾತು ಕೇಳಿಸಿಕೊಂಡು, ಅದು ತಾನೇ ತನ್ನ ಕಷ್ಟವನ್ನು ಅರ್ಥ ಮಾಡಿಕೊಂಡು ಒಂದು ತೀರ್ಮಾನಕ್ಕೆ ಬರಲು ಜೊತೆಗಿರುವುದು. ಚಿಕಿತ್ಸೆ ಮೂರನೆಯದು. ಖಿನ್ನತೆ, ಗೀಳು, ವಿಪರೀತ ಭಯ ಇಂಥದ್ದಕ್ಕೆ ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾಡುವ ಕೆಲಸ ಅದು, ಶಿಕ್ಷಕರು ಆ ಕಡೆ ಹೋಗಲೇಬಾರದು. ಜೀವನ ಕೌಶಲ ಅಂದರೆ ದಿನದ ಬದುಕಿನಲ್ಲಿ ಎದುರಾಗುವುದನ್ನು ನಿಭಾಯಿಸುವ ಸಾಮರ್ಥ್ಯ, ಅದನ್ನು ಇಡೀ ತರಗತಿಗೆ ಕಲಿಸಬಹುದು.

ಬೇಕಾಗುವುದು ಏನೇನು

ಜಾಸ್ತಿ ಏನಿಲ್ಲ. ಇಬ್ಬರು ಶಿಕ್ಷಕರು, ಒಬ್ಬರು ಗಂಡು ಒಬ್ಬರು ಹೆಣ್ಣಾದರೆ ಒಳ್ಳೆಯದು. ಹೊರಗಿನವರಿಗೆ ಕಾಣುವ ಆದರೆ ಮಾತು ಕೇಳಿಸದ ಒಂದು ಜಾಗ, ಅಂದರೆ ಲೈಬ್ರರಿಯ ಮೂಲೆಯೋ ಮರದ ಕೆಳಗಿನ ಕಟ್ಟೆಯೋ ಆಗುತ್ತದೆ. ಬಾಗಿಲು ಹಾಕಿದ ಕೋಣೆ ಬೇಡ, ಸ್ಟಾಫ್ ರೂಮ್ ಅಂತೂ ಬೇಡವೇ ಬೇಡ. ಬೀಗ ಹಾಕುವ ಒಂದು ಡ್ರಾಯರ್. ಟೈಮ್ ಟೇಬಲ್‌ನಲ್ಲೇ ಬರೆದಿಟ್ಟ ಒಂದು ಪೀರಿಯಡ್. "ಬಿಡುವು ಸಿಕ್ಕಾಗ ಮಾಡಿ" ಅಂದರೆ ಆ ಬಿಡುವು ಯಾವತ್ತೂ ಸಿಗುವುದಿಲ್ಲ.

1. ಸರಿಯಾದವರನ್ನು ಆರಿಸಿ

ಯಾರಿಗೆ ಪೀರಿಯಡ್ ಕಡಿಮೆ ಇದೆಯೋ ಅವರಿಗೆ ಕೊಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಶಿಸ್ತಿನ ಜವಾಬ್ದಾರಿ ಇರುವವರಿಗೇ ಇದನ್ನೂ ಕೊಡುವುದು. ಬೆಳಿಗ್ಗೆ ಲೇಟಾಗಿ ಬಂದದ್ದಕ್ಕೆ ನಿಲ್ಲಿಸಿದ ಸಾರ್ ಹತ್ತಿರ ಮಧ್ಯಾಹ್ನ ಹೋಗಿ ಮನೆಯ ಗಲಾಟೆ ಹೇಳಿಕೊಳ್ಳುವ ಮಗು ಯಾವುದಿದೆ?

ಮಕ್ಕಳನ್ನೇ ಕೇಳಿ. ಚೀಟಿ ಕೊಟ್ಟು, ಹೆಸರು ಬರೆಯದೆ, "ನಿನಗೆ ಬೇಜಾರಾದಾಗ ಈ ಶಾಲೆಯಲ್ಲಿ ಯಾರ ಹತ್ತಿರ ಹೇಳಿಕೊಳ್ಳಬಹುದು ಅನ್ನಿಸುತ್ತೆ?" ಎಂದು ಒಂದೇ ಪ್ರಶ್ನೆ ಕೇಳಿ. ಎರಡು ಮೂರು ಹೆಸರು ತಾನಾಗಿಯೇ ಮೇಲೆ ಬರುತ್ತವೆ. ಕೆಲವು ಕಡೆ ಅದು ಅಡುಗೆಯವರ ಹೆಸರಾಗಿರುತ್ತದೆ. ಆಗ ಅವರನ್ನೂ ತರಬೇತಿಗೆ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. ಆಯುಷ್ಮಾನ್ ಭಾರತದ ಅಡಿಯಲ್ಲಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು 'ಆರೋಗ್ಯ ಮತ್ತು ಕ್ಷೇಮ ರಾಯಭಾರಿ' ಅಂತ ಗುರುತಿಸುವ ವ್ಯವಸ್ಥೆ ಇದೆ. ಭಾವನೆಗಳು, ಸಂಬಂಧಗಳು, ಮಾದಕ ವಸ್ತು, ಇಂಟರ್‌ನೆಟ್ ಸುರಕ್ಷತೆ ಸೇರಿ 11 ವಿಷಯಗಳು ಅದರಲ್ಲಿವೆ. ನಿಮ್ಮ ಶಾಲೆಯಲ್ಲಿ ಆ ತರಬೇತಿ ಪಡೆದವರು ಇದ್ದರೆ ಅವರಿಂದಲೇ ಶುರು ಮಾಡಿ, ಹೊಸದಾಗಿ ಹುಡುಕಬೇಡಿ.

2. ಮೊದಲು ನಿಮ್ಮನ್ನೇ ನೋಡಿಕೊಳ್ಳಿ

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಆದರೆ ಶಿಕ್ಷಕರ ತರಬೇತಿಯಲ್ಲಿ ವ್ಯಕ್ತಿತ್ವ ವಿಕಸನ ಅನ್ನುವುದಕ್ಕೆ ನಿಜವಾದ ಜಾಗ ಇದೇ. ಕೋಟು ಹಾಕಿಕೊಂಡು ಇಂಗ್ಲಿಷ್ ಮಾತನಾಡುವುದನ್ನು ಕಲಿಸುವುದು ವ್ಯಕ್ತಿತ್ವ ವಿಕಸನ ಅಂತ ಎಷ್ಟೋ ಕಡೆ ನಡೆಯುತ್ತಿದೆ, ಅದರಿಂದ ಮಗುವಿಗೆ ಏನೂ ಉಪಯೋಗವಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ತಟ್ಟನೆ ಸಿಟ್ಟು ಬರಿಸುವ ಮಕ್ಕಳು ಎಂಥವರು, ಬರೆಯಿರಿ. ಎದುರು ಮಾತನಾಡುವವರಾ, ಸುಳ್ಳು ಹೇಳುವವರಾ, ಸ್ನಾನ ಮಾಡದೆ ಬರುವವರಾ, ಪ್ರೀತಿ ಗೀತಿ ಅಂತ ಚೀಟಿ ಕೊಡುವವರಾ? ಆಮೇಲೆ ನೀವು ಚಿಕ್ಕವರಿದ್ದಾಗ ಶಾಲೆಯಲ್ಲಿ ಕೇಳಿಸಿಕೊಂಡು ಇವತ್ತಿಗೂ ಮರೆಯದ ಒಂದು ಮಾತು ಬರೆಯಿರಿ. ಮೂರನೆಯದಾಗಿ, ನಿಮ್ಮ ಜಾತಿ, ಧರ್ಮ, ಗಂಡು ಹೆಣ್ಣಿನ ಬಗ್ಗೆ ಇರುವ ಯಾವ ನಂಬಿಕೆ ಒಂದು ಮಗು ನಿಮ್ಮ ಹತ್ತಿರ ಬಾಯಿ ಬಿಡದಂತೆ ಮಾಡಬಹುದು ಅಂತ ಯೋಚಿಸಿ. ಇದನ್ನು ಯಾರಿಗೂ ತೋರಿಸಬೇಕಿಲ್ಲ. ಆದರೆ ಪ್ರಾಮಾಣಿಕವಾಗಿ ಬರೆದರೆ ಸಾಕು, ನಾಳೆ ಅಂಥ ಮಗು ಎದುರು ಕೂತಾಗ ನಿಮ್ಮ ಮುಖ ಬಿಗಿಯಾಗುವುದು ನಿಮಗೇ ಗೊತ್ತಾಗುತ್ತದೆ.

ಜೊತೆಗೆ ನಿಮ್ಮ ಆಯಾಸದ ಲೆಕ್ಕವನ್ನೂ ಹಾಕಿ. ಚುನಾವಣೆ ಕೆಲಸ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮನೆ. ಇಷ್ಟರ ಮಧ್ಯೆ ತಲೆ ಸಿಡಿಯುತ್ತಿರುವ ದಿನ ಮಗುವಿನ ಜೊತೆ ಕೂರಬೇಡಿ, "ನಾಳೆ ಎರಡನೇ ಪೀರಿಯಡ್‌ಗೆ ಮಾತಾಡೋಣ, ಆಗುತ್ತಾ?" ಅಂತ ಹೇಳಿ, ನಾಳೆ ತಪ್ಪದೆ ಕೂರಿ. ಆದರೆ ತುರ್ತು ಅನ್ನಿಸಿದರೆ ಮುಂದೂಡುವ ಹಾಗಿಲ್ಲ, ಅದನ್ನು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹೊಡೆಯುವುದು, ಅವಮಾನ ಮಾಡುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಅಂತ ನಿಮಗೆ ಗೊತ್ತು. ಕೈಯಲ್ಲಿ ಕೋಲು ಹಿಡಿದುಕೊಂಡು ಓಡಾಡುವ ಶಾಲೆಯಲ್ಲಿ ಆಪ್ತಸಮಾಲೋಚನೆ ನಡೆಯುವುದಿಲ್ಲ. ಎಚ್.ಎಂ. ಇದನ್ನು ಮೊದಲು ಸರಿ ಮಾಡಬೇಕು.

3. ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿ

ಇಡೀ ತರಬೇತಿಯ ಅರ್ಧ ಸಮಯ ಇದಕ್ಕೇ ಇಡಿ. ನಾವು ಶಿಕ್ಷಕರು ಮಾತನಾಡಿ ಸಂಬಳ ತೆಗೆದುಕೊಳ್ಳುವವರು, ಸುಮ್ನೆ ಕೂತು ಕೇಳುವುದು ನಮಗೆ ಬಹಳ ಕಷ್ಟ.

ಮಾಡುವ ವಿಧಾನ ಹೀಗೆ. ಮೂವರ ಗುಂಪು ಮಾಡಿಕೊಳ್ಳಿ. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ನೋಡುವವರು. ಹೇಳುವವರು ತಮ್ಮದೇ ಒಂದು ಸಣ್ಣ ಬೇಸರ ಹೇಳಲಿ. ಮನಸ್ಸಿನ ಆಳದ ನೋವು ಬೇಡ, ಬಸ್ಸು ತಪ್ಪಿದ್ದು, ಅತ್ತಿಗೆ ಜೊತೆ ಮಾತಿಗೆ ಮಾತು ಬೆಳೆದದ್ದು, ಇಷ್ಟು ಸಾಕು. ಕೇಳುವವರು ಐದು ನಿಮಿಷ ಸಲಹೆ ಕೊಡುವ ಹಾಗಿಲ್ಲ. ನೋಡುವವರು ಗುರುತು ಹಾಕಿಕೊಳ್ಳುತ್ತಾ ಇರಬೇಕು: ಎಷ್ಟು ಸಲ ಮಧ್ಯೆ ಬಾಯಿ ಹಾಕಿದರು, ಎಷ್ಟು ಸಲ ಫೋನ್ ನೋಡಿದರು, "ನನಗೂ ಹಾಗೇ ಆಗಿತ್ತು" ಅಂತ ತಮ್ಮ ಕಥೆ ತೆಗೆದರಾ. ಮುಗಿದ ಮೇಲೆ ಮೊದಲು ಹೇಳಿದವರನ್ನು ಕೇಳಿ, "ಎಲ್ಲಿ ನಿಮಗೆ ಇನ್ನೂ ಹೇಳಬೇಕು ಅನ್ನಿಸಿತು, ಎಲ್ಲಿ ಸಾಕು ಅನ್ನಿಸಿತು?" ಅಂತ. ಆಮೇಲೆ ಪಾತ್ರ ಬದಲಿಸಿ.

ಎರಡು ಮೂರು ಸಲ ಇದಾದ ಮೇಲೆ ಮಗುವಿನ ಮಾತಿಗೆ ಬನ್ನಿ. ಒಬ್ಬರು ಒಂಬತ್ತನೇ ತರಗತಿಯ ಹುಡುಗನಾಗಲಿ. ಅವನು ಹೇಳುತ್ತಾನೆ: "ಸಾರ್, ನಂಗೆ ಸ್ಕೂಲಿಗೆ ಬರೋಕೇ ಇಷ್ಟ ಇಲ್ಲ."

ನಮ್ಮ ಬಾಯಿಂದ ತಕ್ಷಣ ಬರುವ ಉತ್ತರಗಳು ಇವು: "ಯಾಕೋ, ಏನಾಗಿದೆ ನಿಂಗೆ?" "ನಿಮ್ಮಪ್ಪ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ ಗೊತ್ತಾ?" "ಎಲ್ಲಾ ಸರಿ ಹೋಗುತ್ತೆ ಬಿಡು." ಮೊದಲನೆಯದು ವಿಚಾರಣೆ, ಎರಡನೆಯದು ತಪ್ಪಿತಸ್ಥನನ್ನಾಗಿ ಮಾಡುವುದು, ಮೂರನೆಯದು ಬಾಗಿಲು ಮುಚ್ಚುವುದು. ಮೂರಕ್ಕೂ ಹುಡುಗ "ಏನಿಲ್ಲ ಸಾರ್" ಅಂತ ಎದ್ದು ಹೋಗುತ್ತಾನೆ.

ಬದಲಿಗೆ ಹೀಗೆ ಹೇಳಿ ನೋಡಿ: "ಬರೋಕೇ ಇಷ್ಟ ಆಗ್ತಿಲ್ಲ. ಹ್ಞೂಂ. ಇದು ಯಾವಾಗಿಂದ ಹಾಗೆ ಅನ್ನಿಸ್ತಿದೆ?" ಅವನು ಹೇಳಿದ್ದನ್ನೇ ವಾಪಸ್ ಹೇಳುವುದು, ಆಮೇಲೆ ಉತ್ತರ ಕೊಡಲು ಸುಲಭವಾದ ಒಂದು ಪ್ರಶ್ನೆ. "ಯಾಕೆ" ಅನ್ನುವ ಪ್ರಶ್ನೆ ನಮ್ಮ ಮಕ್ಕಳಿಗೆ ಬೈಗುಳದ ಹಾಗೆ ಕೇಳಿಸುತ್ತದೆ, ಯಾಕೆಂದರೆ ಮನೆಯಲ್ಲೂ ಶಾಲೆಯಲ್ಲೂ ತಪ್ಪು ಮಾಡಿದಾಗಲೇ ಅದನ್ನು ಕೇಳಿರುತ್ತಾರೆ. "ಏನಾಯ್ತು", "ಆಮೇಲೆ", "ಆಗ ನಿಂಗೆ ಹೇಗಾಯ್ತು" ಅನ್ನುವ ಮಾತುಗಳು ಮುಂದೆ ಕರೆದುಕೊಂಡು ಹೋಗುತ್ತವೆ. ಅವನು ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಹೆಚ್ಚಿನ ಸಲ ನಿಜವಾದ ವಿಷಯ ಆ ಮೌನ ಮುಗಿದ ಮೇಲೇ ಬರುತ್ತದೆ.

ಉತ್ತರ ಕರ್ನಾಟಕದ ಶಾಲೆಯಲ್ಲಾದರೆ ಅಲ್ಲಿನ ಮಾತಿನಲ್ಲೇ ಅಭ್ಯಾಸ ಮಾಡಿ. "ಅಕ್ಕೋರ, ನಾ ಸಾಲಿಗೆ ಬರಂಗಿಲ್ಲ" ಅನ್ನುವ ಹುಡುಗಿಗೆ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟರೆ ಅವಳು ದೂರ ಸರಿಯುತ್ತಾಳೆ. ಲಂಬಾಣಿ, ತುಳು, ಉರ್ದು, ತೆಲುಗು ಮನೆಮಾತಿನ ಮಕ್ಕಳಿದ್ದರೆ, ಆ ಭಾಷೆ ಬರುವ ಒಬ್ಬ ಶಿಕ್ಷಕರಾದರೂ ತಂಡದಲ್ಲಿ ಇರಲಿ. ಅಳು ಬಂದಾಗ ಮಗು ಮಾತನಾಡುವುದು ಮನೆಯ ಭಾಷೆಯಲ್ಲಿ.

ಸಲಹೆ ಕೊಡಲೇಬಾರದಾ? ಕೊಡಬಹುದು, ಆದರೆ ಕೊನೆಗೆ. ಮೊದಲು "ಇದಕ್ಕೆ ನೀನು ಏನೇನು ಮಾಡಿ ನೋಡಿದೀಯ?" ಅಂತ ಕೇಳಿ. ಆಮೇಲೆ "ಇನ್ನೇನು ಮಾಡಬಹುದು ಅನ್ಸುತ್ತೆ?" ಕೊನೆಗೆ ಅವನಿಗೆ ಗೊತ್ತಿಲ್ಲದ ಮಾಹಿತಿ ಇದ್ದರೆ ಸೇರಿಸಿ. ಎಷ್ಟೋ ಸಲ ಮಗುವಿಗೆ ಬೇಕಾಗಿರುವುದು ಬುದ್ಧಿಮಾತಲ್ಲ, ಬಸ್ ಪಾಸು. ಅಥವಾ ಹಾಸ್ಟೆಲ್ ಸೀಟು, ಕನ್ನಡಕ, ಬಾರದೆ ನಿಂತಿರುವ ಸ್ಕಾಲರ್‌ಶಿಪ್. ಅದನ್ನು ಮಾಡಿಕೊಡುವುದೂ ಈ ಕೆಲಸದ ಭಾಗವೇ.

4. ಮಿತಿ ಮತ್ತು ಕಾನೂನು: ಇದನ್ನು ಬಾಯಿಪಾಠ ಮಾಡಿ

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮಿಸ್" ಅಂತ ಮಗು ಕೇಳುತ್ತದೆ. ಮಾಡಬೇಡಿ. ಈ ಒಂದು ಮಾತಿನಿಂದ ಎಷ್ಟೋ ಶಿಕ್ಷಕರು ಸಿಕ್ಕಿಹಾಕಿಕೊಳ್ಳುತ್ತಾರೆ, ಆಮೇಲೆ ಹೇಳಿದರೆ ಮಗುವಿನ ನಂಬಿಕೆ ಹೋಗುತ್ತದೆ, ಹೇಳದಿದ್ದರೆ ಮಗುವಿಗೇ ಅಪಾಯ. ಮೊದಲ ಭೇಟಿಯಲ್ಲೇ ಹೇಳಿಬಿಡಿ: "ನೀನು ಹೇಳಿದ್ದು ನಮ್ಮಿಬ್ಬರ ಮಧ್ಯೆ ಇರುತ್ತೆ. ಆದ್ರೆ ನಿನಗೆ ಯಾರಾದ್ರೂ ತೊಂದರೆ ಕೊಡ್ತಿದ್ರೆ, ನೀನು ನಿನಗೇ ಏನಾದ್ರೂ ಮಾಡ್ಕೋಬೇಕು ಅನ್ಕೊಂಡಿದ್ರೆ, ಬೇರೆಯವರಿಗೆ ಅಪಾಯ ಇದ್ರೆ, ಆಗ ನಿನ್ನ ಸುರಕ್ಷತೆಗೋಸ್ಕರ ನಾನು ಒಬ್ಬಿಬ್ಬರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲೇ ತಿಳಿಸ್ತೀನಿ."

ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆ, 2012 ಅನ್ವಯಿಸುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು ಇದು. ಇದರ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿರುವುದು ಗೊತ್ತಾದವರು ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ. "ಶಾಲೆಯ ಮರ್ಯಾದೆ", "ಹುಡುಗಿಯ ಭವಿಷ್ಯ" ಅಂತ ಹಿರಿಯರನ್ನು ಸೇರಿಸಿ ಪಂಚಾಯ್ತಿ ಮಾಡುವುದು ಖಂಡಿತ ಬೇಡ.

ಇಂಥ ಸಂದರ್ಭದಲ್ಲಿ ಮಾಡಬಾರದ್ದು ಇನ್ನೂ ಇದೆ. ಮಗುವಿನ ಬಾಯಿಂದ ಪೂರ್ತಿ ಕಥೆ ಹೇಳಿಸಬೇಡಿ, ತನಿಖೆ ನಿಮ್ಮ ಕೆಲಸವಲ್ಲ. ಎಚ್.ಎಂ. ಮುಂದೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಮುಂದೆ, ಮತ್ತೆ ಇನ್ನೊಬ್ಬರ ಮುಂದೆ ಅಂತ ಹೇಳಿದ್ದನ್ನೇ ಹೇಳಿಸಬೇಡಿ. ಆರೋಪ ಇರುವವರನ್ನು ಕರೆದು "ಹೌದಾ?" ಅಂತ ಕೇಳಬೇಡಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಂಡು, "ನೀನು ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ" ಅಂತ ಹೇಳಿ, ಅವತ್ತೇ ಮುಂದಿನ ಹೆಜ್ಜೆ ಇಡಿ. ಹೆಸರು ಹೊರಗೆ ಹೋಗಬಾರದು, ವಾಟ್ಸಾಪ್ ಗ್ರೂಪಿನಲ್ಲಂತೂ ಒಂದಕ್ಷರವೂ ಬರಬಾರದು. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿ.

ಈಗ ಆತ್ಮಹತ್ಯೆಯ ಮಾತು. ತರಬೇತಿಯಲ್ಲಿ ಶಿಕ್ಷಕರು ಅತಿ ಹೆಚ್ಚು ಹೆದರುವುದು ಇದಕ್ಕೆ. "ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗಲ್ವಾ?" ಅಂತ ಕೇಳುತ್ತಾರೆ. ಇಲ್ಲ, ಹಾಗೆ ಆಗುವುದಿಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಮಗುವಿಗೆ ಹಗುರವಾಗುತ್ತದೆ. "ಇಷ್ಟು ಕಷ್ಟ ಆದಾಗ ಕೆಲವರಿಗೆ ಸತ್ತು ಹೋಗೋಣ ಅನ್ನಿಸುತ್ತೆ. ನಿನಗೆ ಹಾಗೆ ಅನ್ನಿಸಿದೆಯಾ?" ಈ ವಾಕ್ಯವನ್ನು ತರಬೇತಿಯಲ್ಲಿ ಪ್ರತಿಯೊಬ್ಬರೂ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು, ಮನಸ್ಸಿನಲ್ಲೇ ಓದಿಕೊಂಡರೆ ಆ ದಿನ ಬಾಯಿ ಬರುವುದಿಲ್ಲ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಎಚ್.ಎಂ.ಗೆ ಹೇಳಿ, ಮನೆಯವರನ್ನು ಶಾಲೆಗೇ ಕರೆಸಿ, ಅವತ್ತೇ ವೈದ್ಯರ ಹತ್ತಿರ ಹೋಗುವ ಏರ್ಪಾಡು ಮಾಡಿ. ಮಗು ಹೇಳಿದ ತೊಂದರೆ ಮನೆಯಿಂದಲೇ ಆಗಿದ್ದರೆ ಯಾರನ್ನು ಕರೆಸುವುದು ಅಂತ ಮೊದಲು ಯೋಚಿಸಿ. ಮನೆಯಲ್ಲಿ ಕೀಟನಾಶಕ ಇದ್ದರೆ ಬೀಗ ಹಾಕಿ ಇಡಲು ಹೇಳಿ; ಕೃಷಿ ಕುಟುಂಬಗಳಲ್ಲಿ ಇದು ಬಹಳ ಮುಖ್ಯ.

"ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತೆ" ಅಂತ ಮನೆಯವರು ಹಿಂದೆ ಸರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಎಂದೇ ನೋಡುತ್ತದೆ, ಶಿಕ್ಷೆ ಕೊಡುವುದಿಲ್ಲ ಅಂತ ಅವರಿಗೆ ತಿಳಿಸಿ.

5. ಫೋನ್ ನಂಬರಿನ ಪಟ್ಟಿ ಮಾಡಿ

ಸಮಸ್ಯೆ ಬಂದ ದಿನ ಹುಡುಕಿದರೆ ಆಗುವುದಿಲ್ಲ. ಈಗಲೇ ಒಂದು ಹಾಳೆಯಲ್ಲಿ ಬರೆದು ಡ್ರಾಯರಿನಲ್ಲಿಡಿ.

ಟೆಲಿ ಮನಸ್, 14416. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ಕನ್ನಡದಲ್ಲಿ ಹಗಲು ರಾತ್ರಿ ಮಾತನಾಡಬಹುದು. ಮಗು ಮಾತ್ರ ಅಲ್ಲ, ಏನು ಮಾಡಬೇಕು ಗೊತ್ತಾಗದ ಶಿಕ್ಷಕರೂ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ, 1098. ಪೊಲೀಸ್ ತುರ್ತು ಕರೆಗೆ 112. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ನಂಬರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ನಂಬರು. ಪ್ರತಿ ಜಿಲ್ಲೆಯಲ್ಲೂ ಈ ತಂಡ ಇರುತ್ತದೆ, ಅಂದಹಾಗೆ ಇಡೀ ದೇಶ ಅನುಸರಿಸಿದ ಈ ಕಾರ್ಯಕ್ರಮದ ಮಾದರಿ ಮೊದಲು ರೂಪುಗೊಂಡದ್ದು ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ಮಂಗಳವಾರ, ಎಷ್ಟು ಗಂಟೆಗೆ ಅಂತ ಕೇಳಿ ಬರೆದಿಡಿ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ಅದನ್ನೂ ತಿಳಿದುಕೊಳ್ಳಿ.

ಪಟ್ಟಿ ಮಾಡಿದ ಮೇಲೆ ಒಂದೊಂದು ನಂಬರಿಗೂ ಕರೆ ಮಾಡಿ ನೋಡಿ. ಹಳೆಯ ನಂಬರು, ವರ್ಗವಾಗಿ ಹೋದವರ ನಂಬರು ಎಲ್ಲ ಇರುತ್ತವೆ. ಆಸ್ಪತ್ರೆಯವರ ಹತ್ತಿರ ಒಮ್ಮೆ ಹೋಗಿ ಮುಖಪರಿಚಯ ಮಾಡಿಕೊಂಡು ಬಂದರೆ ಮಗುವನ್ನು ಕಳಿಸುವಾಗ ಅರ್ಧ ಕೆಲಸ ಹಗುರಾಗುತ್ತದೆ. ಟೆಲಿ ಮನಸ್ ಮತ್ತು 1098 ನಂಬರುಗಳನ್ನು ಮಕ್ಕಳಿಗೆ ಕಾಣುವ ಕಡೆ ಗೋಡೆಯ ಮೇಲೆ ಬರೆಸಿ.

ತಂದೆ ತಾಯಿಗೆ ಹೇಳುವಾಗ ಜಾಗ್ರತೆ. "ನಿಮ್ಮ ಮಗಳಿಗೆ ಮಾನಸಿಕ ಸಮಸ್ಯೆ ಇದೆ" ಅಂದ ತಕ್ಷಣ ಅವರ ಕಿವಿ ಮುಚ್ಚಿಕೊಳ್ಳುತ್ತದೆ, ಮಾರನೇ ದಿನದಿಂದ ಹುಡುಗಿ ಶಾಲೆಗೆ ಬರುವುದಿಲ್ಲ. ಕಂಡದ್ದನ್ನು ಮಾತ್ರ ಹೇಳಿ: "ಎರಡು ವಾರದಿಂದ ಊಟ ಸರಿಯಾಗಿ ಮಾಡ್ತಿಲ್ಲ, ನಿದ್ದೆ ಬರ್ತಿಲ್ಲ ಅಂತಾಳೆ, ಮಂಗಳವಾರ ದೊಡ್ಡ ಡಾಕ್ಟರ್ ಬರ್ತಾರೆ, ಒಂದ್ಸಲ ತೋರಿಸೋಣ, ನಾನೂ ಬರ್ತೀನಿ." ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗುತ್ತೇವೆ ಅಂದರೆ ವಾದ ಮಾಡಬೇಡಿ. ಅಲ್ಲಿಗೂ ಹೋಗಿ ಬನ್ನಿ, ಡಾಕ್ಟರಿಗೂ ತೋರಿಸೋಣ ಅನ್ನಿ. ಆದರೆ ಮಗುವಿಗೆ ಹೊಡೆಯುವುದು, ಕಟ್ಟಿ ಹಾಕುವುದು ನಡೆಯುತ್ತಿದೆ ಅಂತ ಗೊತ್ತಾದರೆ ಸುಮ್ಮನಿರಬೇಡಿ, 1098.

6. ಇಡೀ ತರಗತಿಗೆ ಜೀವನ ಕೌಶಲ

ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿದೆ: ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು, ವಿಮರ್ಶೆ ಮಾಡಿ ಯೋಚಿಸುವುದು, ಹೊಸದಾಗಿ ಯೋಚಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸರಿಯಾಗಿ ಮಾತನಾಡುವುದು, ಸಂಬಂಧ ನಿಭಾಯಿಸುವುದು, ಒತ್ತಡ ತಡೆದುಕೊಳ್ಳುವುದು, ಭಾವನೆ ನಿಭಾಯಿಸುವುದು. ಇದನ್ನು ಬೋರ್ಡಿನ ಮೇಲೆ ಬರೆದು ಬರೆದುಕೊಳ್ಳಿ ಅಂದರೆ ಅದು ಇನ್ನೊಂದು ಪಾಠವಾಗುತ್ತದೆ, ಅಷ್ಟೇ. ಒಂದು ಸಂದರ್ಭ ಕೊಡಿ: "ನಿಮ್ಮ ಅಣ್ಣನ ಸ್ನೇಹಿತರು ಗುಟ್ಕಾ ಕೊಡ್ತಾರೆ, ಬೇಡ ಅಂದ್ರೆ ನಗ್ತಾರೆ. ಹೇಗೆ ಬೇಡ ಅಂತೀರಿ?" ಐದು ಗುಂಪು, ಐದು ಪುಟ್ಟ ನಾಟಕ, ಕೊನೆಗೆ ಹತ್ತು ನಿಮಿಷ ಮಾತು. ನೀವು ನೀತಿ ಹೇಳದೆ ಮುಗಿಸಿ, ಮಕ್ಕಳು ತಾವೇ ಹೇಳಿಕೊಳ್ಳುತ್ತಾರೆ.

ಹತ್ತನೇ ತರಗತಿಯವರಿಗೆ ಪರೀಕ್ಷೆ ಭಯ ಮತ್ತು "ಮುಂದೇನು" ಎರಡೂ ಬೇಕು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ, ಇದನ್ನು ಮಕ್ಕಳಿಗೂ ಮನೆಯವರಿಗೂ ಫಲಿತಾಂಶಕ್ಕೆ ಮೊದಲೇ ಸರಿಯಾಗಿ ಹೇಳಿ. ಪಿಯುಸಿ ಬಿಟ್ಟರೆ ಬೇರೆ ಇಲ್ಲ ಅನ್ನುವ ಭಾವನೆ ಬೇಡ: ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ಅದಾದ ಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು, ಐಟಿಐ ಇದೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ, ಫೇಲಾದವರಿಗೆ ಎಂಟನೇ ತರಗತಿ ಪಾಸಾದವರನ್ನು ತೆಗೆದುಕೊಳ್ಳುವ ಐಟಿಐ ಟ್ರೇಡುಗಳೂ ಇವೆ. ಹತ್ತಿರದ ಒಂದು ಐಟಿಐಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಫೋಟೊ ತೋರಿಸಿದ್ದಕ್ಕಿಂತ ಅದು ಎಷ್ಟೋ ಮೇಲು.

7. ಎಲ್ಲ ಸಿಬ್ಬಂದಿಗೆ ತರಬೇತಿ

ಮುಖ್ಯ ಶಿಕ್ಷಕರ ಪ್ರಶ್ನೆಗೆ ಬಂದೆ. ವರ್ಷಕ್ಕೆ ಎರಡು ಸಲ, ಜೂನ್ ಕೊನೆಗೆ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ ಇಟ್ಟುಕೊಳ್ಳಿ. ಅಡುಗೆಯವರು, ಆಯಾ, ವಾಹನ ಚಾಲಕರು, ವಾರ್ಡನ್, ಎಲ್ಲರೂ ಕೂರಲಿ. ಕರೆಸುವವರನ್ನು ಮೊದಲೇ ಫೋನಿನಲ್ಲಿ ಕೇಳಿ: ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ, ಅಭ್ಯಾಸ ಮಾಡಿಸುತ್ತೀರಾ ಅಥವಾ ಭಾಷಣವಾ, ಮತ್ತೆ ಆರು ತಿಂಗಳಿಗೆ ಬರುತ್ತೀರಾ. ನಗಿಸಿ, ಚಪ್ಪಾಳೆ ಹೊಡೆಸಿ, ಹಾಡು ಹೇಳಿ ಹೋಗುವವರು ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರನ್ನು ಪತ್ರ ಬರೆದು ಕರೆಯಿರಿ, ಶಾಲೆಗಳಿಗೆ ಬರುವುದು ಅವರ ಕೆಲಸದಲ್ಲೇ ಸೇರಿದೆ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನವರನ್ನೂ ಕೇಳಿ ನೋಡಿ.

ಅರ್ಧ ದಿನ ಸಾಕು. ಮಾನಸಿಕ ಪ್ರಥಮ ಚಿಕಿತ್ಸೆ, ಅಂದರೆ ಆಘಾತದಲ್ಲಿರುವವರಿಗೆ ಆ ಕ್ಷಣದಲ್ಲಿ ಕೊಡುವ ಮೊದಲ ಆಸರೆ, ಅದರ ಮೂರು ಹೆಜ್ಜೆಗಳನ್ನು ಕಲಿಸಿ: ನೋಡುವುದು, ಕೇಳಿಸಿಕೊಳ್ಳುವುದು, ಸಹಾಯ ಸಿಗುವ ಕಡೆಗೆ ಜೋಡಿಸುವುದು. ಆಮೇಲೆ ಎಚ್ಚರಿಕೆಯ ಲಕ್ಷಣಗಳು: ಇದ್ದಕ್ಕಿದ್ದಂತೆ ಮಾರ್ಕ್ಸ್ ಬೀಳುವುದು, ಊಟ ಬಿಡುವುದು, ಸೆಕೆಯಲ್ಲೂ ಪೂರ್ತಿ ತೋಳಿನ ಬಟ್ಟೆ, ತನ್ನ ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು. ಉಳಿದ ಸಮಯ ಪೂರ್ತಿ ಮೂವರ ಅಭ್ಯಾಸ.

8. ಇನ್ನೂ ಕಲಿಯಬೇಕು ಅನ್ನುವವರಿಗೆ

ಕೆಲಸದಲ್ಲಿರುವ ಶಿಕ್ಷಕರಿಗೆ ನಾನು ಮೊದಲು ಹೇಳುವುದು ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ. ಒಂದು ವರ್ಷದ ಕೋರ್ಸು. ಸುಮಾರು ಆರು ತಿಂಗಳು ದೂರಶಿಕ್ಷಣ ಮತ್ತು ಆನ್‌ಲೈನ್, ಮೂರು ತಿಂಗಳು ಅಲ್ಲೇ ಇದ್ದು ಕಲಿಯುವುದು, ಕೊನೆಯ ಮೂರು ತಿಂಗಳು ನಿಮ್ಮ ಊರಿನಲ್ಲೇ ಇಂಟರ್ನ್‌ಶಿಪ್. ದಕ್ಷಿಣದವರಿಗೆ ಕೇಂದ್ರ ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಶುಲ್ಕ, ಅರ್ಹತೆ, ಕೊನೆಯ ದಿನಾಂಕವನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಮೂರು ತಿಂಗಳು ಶಾಲೆ ಬಿಟ್ಟಿರಬೇಕಾದ್ದರಿಂದ ಇಲಾಖೆಯ ಅನುಮತಿಗೆ ಅರ್ಜಿ ಮೊದಲೇ ಹಾಕಿ, ಬಹಳ ಜನ ಸೀಟು ಸಿಕ್ಕ ಮೇಲೆ ಅನುಮತಿಗೆ ಓಡಾಡಿ ಕಳೆದುಕೊಳ್ಳುತ್ತಾರೆ. ಅಷ್ಟು ಸಮಯ ಇಲ್ಲದವರು ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣದಲ್ಲಿರುವ, ಶಿಕ್ಷಕರ ತರಬೇತಿಯ ನಿಷ್ಠಾ ಮಾಡ್ಯೂಲುಗಳಿಂದ ಶುರು ಮಾಡಬಹುದು.

ಎರಡು ಭಾನುವಾರದಲ್ಲಿ ಸರ್ಟಿಫಿಕೇಟ್ ಕೊಡುವ ಜಾಹೀರಾತುಗಳ ಬಗ್ಗೆ ಹುಷಾರು. ಕಲಿಸುವವರು ಯಾರು, ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಅಭ್ಯಾಸ ಇದೆ ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ. ಯಾವ ಡಿಪ್ಲೊಮಾ ಆದರೂ ಅದರಿಂದ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ, ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು.

9. ಬರೆದಿಡುವುದು, ಹಂಚಿಕೊಳ್ಳುವುದು

ಮೇಲ್ವಿಚಾರಣೆ ಅಂದರೆ ಇಲ್ಲಿ ತಪಾಸಣೆ ಅಲ್ಲ. ನಿಮಗಿಂತ ಅನುಭವ ಇರುವವರ ಹತ್ತಿರ, ಮಗುವಿನ ಹೆಸರು ಹೇಳದೆ, "ಇಲ್ಲಿ ನನಗೆ ಏನು ಮಾಡಬೇಕು ತಿಳಿಯಲಿಲ್ಲ" ಅಂತ ಮಾತನಾಡುವುದು. ತಿಂಗಳಿಗೊಮ್ಮೆ ಇದು ಆಗಲೇಬೇಕು, ಇಲ್ಲದಿದ್ದರೆ ಮಕ್ಕಳ ನೋವು ನಿಮ್ಮ ಮನೆಗೂ ಬರುತ್ತದೆ. ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಭೆಯ ನಂತರ ಅರ್ಧ ಗಂಟೆ ನಾಲ್ಕೈದು ಶಾಲೆಯವರು ಕೂತರೂ ಆಗುತ್ತದೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.

ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯಿರಿ. ದಿನಾಂಕ, ಮಗು ಏನು ಹೇಳಿತು, ಏನು ತೀರ್ಮಾನವಾಯಿತು, ಮತ್ತೆ ಯಾವಾಗ ಭೇಟಿ. ನಿಮ್ಮ ಊಹೆಗಳು ಬೇಡ, "ತಂದೆ ಕುಡುಕ ಇರಬೇಕು" ಅಂತ ಬರೆಯಬೇಡಿ, "ಅಪ್ಪ ರಾತ್ರಿ ಕುಡಿದು ಬಂದರು ಎಂದು ಹೇಳಿದ" ಅಂತ ಬರೆಯಿರಿ. ಸಂಖ್ಯೆ ಯಾವ ಮಗುವಿನದು ಅನ್ನುವ ಪಟ್ಟಿ ಬೇರೆ ಕಡೆ ಇರಲಿ. ಮಗುವಿನ ಜಾತಕವನ್ನೆಲ್ಲ ಸ್ಟಾಫ್ ರೂಮಿನಲ್ಲಿ ಬಿಚ್ಚಬಾರದು. ತರಗತಿ ಶಿಕ್ಷಕರಿಗೆ ಏನಾದರೂ ಹೇಳಬೇಕಿದ್ದರೆ "ಅವನಿಗೆ ಈ ವಾರ ಹೋಮ್‌ವರ್ಕಿಗೆ ಜೋರು ಮಾಡಬೇಡಿ" ಅಷ್ಟು ಸಾಕು.

ವರ್ಗಾವಣೆಯ ಸಮಯದಲ್ಲಿ ಇದೆಲ್ಲ ಅರ್ಧಕ್ಕೆ ನಿಂತುಬಿಡುತ್ತದೆ. ನಿಮಗೆ ಬೇರೆ ಶಾಲೆಗೆ ಆದೇಶ ಬಂದರೆ, ಈಗ ಮಾತುಕತೆ ನಡೆಯುತ್ತಿರುವ ಪ್ರತಿ ಮಗುವಿಗೂ ನೀವೇ ಕೂರಿಸಿಕೊಂಡು ಹೇಳಿ, ಮುಂದೆ ಯಾರ ಹತ್ತಿರ ಹೋಗಬಹುದು ಅಂತ ಕೇಳಿ, ಮಗು ಒಪ್ಪಿದರೆ ಆ ಶಿಕ್ಷಕರನ್ನು ಅಲ್ಲೇ ಕರೆದು ಪರಿಚಯ ಮಾಡಿಸಿ. ಡ್ರಾಯರಿನ ಕೀಲಿಯನ್ನು ತಂಡದ ಇನ್ನೊಬ್ಬರ ಕೈಗೇ ಕೊಡಿ, ಆಫೀಸಿನ ಮೊಳೆಗೆ ತಗುಲಿ ಹಾಕಿ ಹೋಗಬೇಡಿ.